ಎರಡು ಕೇಬಲ್, ಒಂದೇ ನಂಬರು

ಆಂಟಿಯ ಮಾತು ತೊದಲಿದ್ದನ್ನು ಮೊದಲು ಗಮನಿಸಿದವಳು ನಾನಲ್ಲ, ಸ್ಕ್ಯಾನಿಗೆಂದು ಬಂದಿದ್ದ ಒಬ್ಬ ಹೆಂಗಸು. "ಮೇಡಂ, ವಸಿ ಬನ್ನಿ ಇಲ್ಲಿ, ಈ ಯಮ್ಮ ಏನೋ ಅಂತಾವ್ರೆ, ನಂಗೊಂದೂ ಅರ್ಥ ಆಯ್ತಿಲ್ಲ" ಎಂದು ಆಕೆ ಕೂಗಿದಾಗ ನಾನು ಒಳಗೆ ಮೆಷಿನ್ನಿನ ಹಾಸಿಗೆ ಒರೆಸುತ್ತಿದ್ದೆ.

ಹೊರಗೆ ಬಂದರೆ ಆಂಟಿ ಎಂದಿನಂತೆ ರಿಸೆಪ್ಷನ್ ಕುರ್ಚಿಯಲ್ಲೇ ಕೂತಿದ್ದರು. ಕಿವಿಯ ಓಲೆ, ಕತ್ತಿನ ಸರ ತೆಗೆದಿಡಬೇಕೆಂದು ಆ ಹೆಂಗಸಿಗೆ ಹೇಳುತ್ತಿದ್ದರಂತೆ. ದಿನಕ್ಕೆ ಹತ್ತಾರು ಸಲ ಹೇಳುವ ಮಾತು. ಅದು ಅರ್ಧಕ್ಕೆ ನಿಂತು, ಆಮೇಲೆ ಬಾಯಿಂದ ಬಂದದ್ದು ಮಾತೇ ಆಗಿರಲಿಲ್ಲ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಬಲಗೈ ಮೇಜಿನಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಎಡಗೈಯಲ್ಲಿ ಎತ್ತಿ ಮತ್ತೆ ಮೇಜಿನ ಮೇಲಿಡಲು ನೋಡುತ್ತಿದ್ದರು, ಅದು ಯಾರೋ ಬಿಟ್ಟುಹೋದ ಸಾಮಾನು ಎಂಬ ಹಾಗೆ.

ದಟ್ಟಗಳ್ಳಿಯ ಹೊಸ ಬಡಾವಣೆಗಳ ನಡುವಿನ ನಮ್ಮ ನರ್ಸಿಂಗ್ ಹೋಮ್ ಚಿಕ್ಕದು. ಕೆಳಗೆ ಒ.ಪಿ.ಡಿ. ಮತ್ತು ಸ್ಕ್ಯಾನ್, ಮೇಲೆ ವಾರ್ಡು ಮತ್ತು ಒಂದು ಪುಟ್ಟ ಐ.ಸಿ.ಯು. ಸಿ.ಟಿ. ಸ್ಕ್ಯಾನ್ ಮಾಡುವವಳು ನಾನು. ಆಂಟಿ ನನಗಿಂತ ಮುಂಚಿನಿಂದ ಅಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದವರು, ನಾವೆಲ್ಲ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದೆವು. ನಾನು ನಂಜನಗೂಡಿನ ಆಚೆಯ ಹಳ್ಳಿಯಿಂದ ಬಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವರು ಅವರೇ. ಜಾತಿ ಕೇಳಿ, ಮುಖ ನೋಡಿ, ಆಮೇಲೆ "ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು" ಎನ್ನುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೆ. ಒಂದು ಸಂಜೆ ಆಂಟಿ ನನ್ನನ್ನು ತಮ್ಮ ಚರ್ಚಿನ ಹಿಂದಿನ ಬೀದಿಗೆ ಕರೆದುಕೊಂಡು ಹೋಗಿ, ಪರಿಚಯದವರೊಬ್ಬರ ಮನೆಯ ಮಹಡಿ ಕೊಡಿಸಿದರು. "ಈ ಹುಡುಗಿ ನಮ್ಮವಳು" ಎಂದು ಅಷ್ಟೇ ಹೇಳಿದ್ದರು. ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು. ನನ್ನ ಬಸ್ಸಾರಿನ ಡಬ್ಬಿ ಅವರ ಕಡೆಗೂ ಅವರ ಮೀನಿನ ಸಾರು ನನ್ನ ಕಡೆಗೂ ಹೋಗುತ್ತಿತ್ತು.

ಡಾಕ್ಟರು ಒ.ಪಿ.ಡಿ.ಯಿಂದ ಓಡಿ ಬಂದರು. ಆಂಟಿಯ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಬಿಟ್ಟರು. ಬಲಗೈ ಕೆಳಗೆ ಬಿತ್ತು. "ಸ್ಟ್ರೋಕ್. ಈಗಿಂದೀಗ್ಲೇ ಟೇಬಲ್ ಮೇಲೆ ತಗೊಳ್ಳಮ್ಮ" ಎಂದರು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ನಮ್ಮಲ್ಲೂ ಇತ್ತು. ಎಷ್ಟು ಬೇಗ ಕೊಟ್ಟರೆ ಅಷ್ಟು ಮಿದುಳು ಉಳಿಯುತ್ತದೆ. ಆದರೆ ರಕ್ತನಾಳ ಒಡೆದು ಒಳಗೆ ರಕ್ತ ಸುರಿದಿದ್ದರೆ ಅದೇ ಇಂಜೆಕ್ಷನ್ ಆಳನ್ನೇ ಕೊಲ್ಲುತ್ತದೆ. ಎರಡರಲ್ಲಿ ಯಾವುದು ಎಂದು ಹೊರಗಿನಿಂದ ನೋಡಿ ಹೇಳಲಾಗದು, ಸ್ಕ್ಯಾನ್ ಆಗಬೇಕು.

ಕತ್ತಿನ ಶಿಲುಬೆಯ ಸರ ತೆಗೆಯಹೋದರೆ ಆಂಟಿ ಎಡಗೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡರು. "ಆಂಟಿ, ನಾನಿದೀನಿ, ನನ್ನ ಹತ್ರಾನೇ ಇರುತ್ತೆ, ಬುಡಿ" ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಸರವನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಅವರನ್ನು ಮಲಗಿಸಿ, ತಲೆ ಅಲುಗದಂತೆ ಪಟ್ಟಿ ಕಟ್ಟಿ, ಗಾಜಿನ ಈಚೆಗೆ ಬಂದು ಸ್ಕ್ಯಾನ್ ಶುರು ಮಾಡಿದೆ.

ಸ್ಕ್ಯಾನ್ ಸರಿಯಾಗಿಯೇ ಆಯಿತು. ತೊಡಕು ಶುರುವಾಗಿದ್ದು ಅಲ್ಲಿಂದ ಮುಂದೆ.

ನಮ್ಮಲ್ಲಿ ರೇಡಿಯಾಲಜಿಸ್ಟ್ ಇಲ್ಲ. ಊರಿನ ಇನ್ನೊಂದು ತುದಿಯಲ್ಲಿರುವ ಒಬ್ಬ ಡಾಕ್ಟರಮ್ಮ ತಮ್ಮ ಮನೆಯಲ್ಲೇ ಕೂತು ನಮ್ಮ ಚಿತ್ರಗಳನ್ನು ನೋಡಿ ವರದಿ ಕೊಡುತ್ತಾರೆ. ಅದಕ್ಕಾಗಿ ನನ್ನ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ಅದಕ್ಕೆ ಹಿಂದಿನಿಂದ ಎರಡು ಕೇಬಲ್ ಬರುತ್ತವೆ. ಒಂದು ಸ್ಕ್ಯಾನ್ ಮೆಷಿನ್ನಿನಿಂದ, ಚಿತ್ರಗಳು ಬರುವುದಕ್ಕೆ. ಇನ್ನೊಂದು ಇಂಟರ್ನೆಟ್ ಪೆಟ್ಟಿಗೆಯಿಂದ, ಆ ಚಿತ್ರಗಳು ಡಾಕ್ಟರಮ್ಮನ ಮನೆಗೆ ಹೋಗುವುದಕ್ಕೆ. ಅಲ್ಲಿಯವರೆಗೆ ನಾನು ಆ ಕೇಬಲ್‌ಗಳ ಬಗ್ಗೆ ಒಂದು ಕ್ಷಣವೂ ಯೋಚಿಸಿದವಳಲ್ಲ. ಆ ದಿನ ಬೆಳಿಗ್ಗೆ ಹಳೆಯ ಇಂಟರ್ನೆಟ್ ಪೆಟ್ಟಿಗೆ ಕೆಟ್ಟಿತೆಂದು ಕಂಪನಿಯವನು ಬಂದು ಹೊಸದನ್ನು ಕೂರಿಸಿ, ರಿಸೆಪ್ಷನ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಹೋಗಿದ್ದ. "ನೆಟ್ ಬಂತು ಕಣಮ್ಮ" ಎಂದು ಆಂಟಿಯೇ ಒಳಗೆ ಬಂದು ಹೇಳಿದ್ದರು. ನನ್ನ ಕಂಪ್ಯೂಟರನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಆ ದಿನದ ಮೊದಲ ರೋಗಿಯೇ ಇನ್ನೂ ಒಳಗೆ ಬಂದಿರಲಿಲ್ಲವಲ್ಲ.

ಡಾಕ್ಟರು ನನ್ನ ಹೆಗಲ ಹಿಂದೆ ನಿಂತು ಪರದೆ ನೋಡುತ್ತಿದ್ದರು. ದೊಡ್ಡ ರಕ್ತಸ್ರಾವವೇನೂ ಕಾಣಲಿಲ್ಲ. ಆದರೆ ಒಳಭಾಗದಲ್ಲಿ, ಎಡಕ್ಕೆ, ಅಕ್ಕಿಕಾಳಿನಷ್ಟು ಒಂದು ಬಿಳಿ ಚುಕ್ಕೆ. ರಕ್ತವೂ ಹಳೆಯ ಸುಣ್ಣದ ಕಲೆಯೂ ಸ್ಕ್ಯಾನಿನಲ್ಲಿ ಒಂದೇ ಥರ ಬಿಳಿಯಾಗಿ ಕಾಣುತ್ತವೆ. ಅವರು ಬಗ್ಗಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಇದು ಸುಣ್ಣ ಕಟ್ಟಿರೋದಾ, ರಕ್ತಾನಾ? ನಂಗೆ ಧೈರ್ಯ ಬರ್ತಿಲ್ಲ. ಬೇಗ ಕಳಿಸಮ್ಮ, ಮೇಡಂ ನೋಡ್ಲಿ."

ಕಳಿಸುವ ಗುಂಡಿ ಒತ್ತಿದೆ. ಹಸಿರು ಗೆರೆ ಬರಬೇಕಾದ ಜಾಗ ಖಾಲಿಯೇ ಇತ್ತು. ಇನ್ನೊಮ್ಮೆ ಒತ್ತಿದೆ. 'ಸಂಪರ್ಕ ಸಿಗುತ್ತಿಲ್ಲ' ಎಂದು ಕೆಂಪಕ್ಷರ ಬಂತು.

ಫೋನಿನಲ್ಲಿ ಪರದೆಯ ಫೋಟೋ ತೆಗೆದು, ಸಿಗ್ನಲ್ ಸಿಗುವ ಕಾರಿಡಾರಿಗೆ ಹೋಗಿ ಕಳಿಸಿದೆ. ಡಾಕ್ಟರಮ್ಮ ಕೂಡಲೇ ಫೋನ್ ಮಾಡಿದರು. "ಟ್ಯೂಬ್‌ಲೈಟ್ ಹೊಳಪು ಬಿಟ್ರೆ ಏನೂ ಕಾಣ್ತಿಲ್ಲಮ್ಮ. ಇಂಥದ್ದನ್ನ ಫೋಟೋ ನೋಡಿ ಹೇಳಕ್ಕಾಗಲ್ಲ. ಚಿತ್ರಾನೇ ಕಳಿಸಿ." ಪೆನ್‌ಡ್ರೈವಿಗೆ ಹಾಕಿ ರಿಸೆಪ್ಷನ್ ಕಂಪ್ಯೂಟರಿನಿಂದ ಕಳಿಸೋಣವೆಂದರೆ ನನ್ನ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದರೂ ಒಪ್ಪದಂತೆ ವೈರಸ್ಸಿನ ಭಯಕ್ಕೆ ಬೀಗ ಹಾಕಿಸಿದ್ದರು. ಮೆಷಿನ್ನಿನಿಂದ ಸಿ.ಡಿ. ಬರೆಯಬಹುದಿತ್ತು, ರಿಸೆಪ್ಷನ್ ಕಂಪ್ಯೂಟರಿಗೆ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿದೆ. ಎಕ್ಸ್‌ರೇ ಹೊರಗೆ ಹೋಗದಂತೆ ನಮ್ಮ ಗೋಡೆಗಳಿಗೆ ಸೀಸದ ತಗಡು ಹೊಡೆದಿರುವುದರಿಂದ ಆ ಕೋಣೆಯಲ್ಲಿ ಫೋನಿಗೆ ಒಂದು ಗೆರೆ ಸಿಗ್ನಲ್ ಬಂದರೆ ಹೆಚ್ಚು. ಅದೂ ಬಂದು ಹೋಗಿ ಮಾಡುತ್ತಿತ್ತು.

ಡಾಕ್ಟರು ಗಡಿಯಾರ ನೋಡಿ ತೀರ್ಮಾನಕ್ಕೆ ಬಂದರು. "ನಾನು ದೊಡ್ಡಾಸ್ಪತ್ರೆಗೆ ಹೇಳಿ ಆಂಬ್ಯುಲೆನ್ಸ್ ಕರೆಸ್ತೀನಿ. ಅದು ಬರೋದ್ರೊಳಗೆ ರಿಪೋರ್ಟ್ ಬಂದ್ರೆ ಇಂಜೆಕ್ಷನ್ ಇಲ್ಲೇ ಶುರು ಮಾಡೋಣ. ಇಲ್ಲ ಅಂದ್ರೆ ಕಳಿಸ್ಬೇಕು. ಅಲ್ಲಿಗೆ ಹೋಗಿ ಮತ್ತೆ ಎಲ್ಲ ಮೊದಲಿಂದ ಆಗೋ ಹೊತ್ತಿಗೆ ತಡ ಆಗ್ಬಿಡುತ್ತೆ" ಎಂದರು. ಗಾಜಿನ ಆಚೆ ಆಂಟಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಮೇಲಿನ ವಾರ್ಡಿನ ಸಿಸ್ಟರ್ ಬಂದು ಅವರ ಬಿ.ಪಿ. ನೋಡುತ್ತಿದ್ದರು.

ನಾನು ಕಾರಿಡಾರಿಗೆ ಓಡಿ ಇಂಜಿನಿಯರಿಗೆ ಫೋನ್ ಮಾಡಿದೆ. ನಮ್ಮ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಅವರು ಆ ಹೊತ್ತಿಗೆ ಕಡಕೊಳದ ಒಂದು ಕಾರ್ಖಾನೆಯಲ್ಲಿದ್ದರು. ಹಿಂದಿನಿಂದ ಯಂತ್ರಗಳ ಸದ್ದು. "ಮೇಡಂ, ಗಾಡಿ ತಗೊಂಡು ಹೊರಟ್ರೂ ಬೇಗ ಬರಕ್ಕಾಗಲ್ಲ. ಫೋನಲ್ಲೇ ನೋಡೋಣ. ಮೊದ್ಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ."

ಆ ಹಳೆಯ ಕಂಪ್ಯೂಟರ್ ಆರಿ ಹೊತ್ತಿಕೊಳ್ಳುವುದನ್ನು ಕಾಯುತ್ತ ನಿಂತದ್ದು ನನ್ನ ಬದುಕಿನ ಅತ್ಯಂತ ಉದ್ದದ ಕಾಯುವಿಕೆ. ಬೆಳಗಿದ ಕೂಡಲೇ ಕಳಿಸುವ ಗುಂಡಿ ಒತ್ತಿದೆ. ಹಸಿರು ಗೆರೆ ಸರಸರನೆ ಓಡಿತು. ನನಗೇ ಗೊತ್ತಿಲ್ಲದೆ "ಹೋಯ್ತು ಸಾರ್!" ಎಂದು ಕೂಗಿದೆ.

ಸ್ವಲ್ಪದರಲ್ಲೇ ಡಾಕ್ಟರಮ್ಮನ ಫೋನ್. ನಮ್ಮ ಡಾಕ್ಟರು ಕಾರಿಡಾರಿನಲ್ಲಿ ಸ್ಪೀಕರ್ ಹಾಕಿದರು. "ಚುಕ್ಕೆ ನೋಡಿದೆ. ಇವು ದಪ್ಪ ಸ್ಲೈಸ್. ಇದ್ರಲ್ಲಿ ಹೇಳಿದ್ರೆ ಊಹೆ ಆಗುತ್ತೆ. ಮೆಷಿನ್‌ನಲ್ಲಿ ತೆಳು ಸ್ಲೈಸ್ ಇರುತ್ತಲ್ಲ, ಅದನ್ನ ಕಳಿಸಿ, ತಕ್ಷಣ ಹೇಳ್ತೀನಿ."

ತಲೆಯನ್ನು ಇನ್ನಷ್ಟು ತೆಳ್ಳನೆಯ ಹೋಳುಗಳಾಗಿ ತೋರಿಸುವ ಆ ತೆಳು ಚಿತ್ರಗಳು ಇನ್ನೂ ಮೆಷಿನ್ನಿನೊಳಗೇ ಇದ್ದವು. ಅವನ್ನು ನನ್ನ ಕಂಪ್ಯೂಟರಿಗೆ ಎಳೆದುಕೊಳ್ಳಬೇಕು. ದಿನಾ ಮಾಡುವ ಕೆಲಸ. ಎಳೆಯಲು ಹೋದೆ. ಈ ಸಲ ಬಂದ ಕೆಂಪಕ್ಷರ ಬೇರೆ: ಮೆಷಿನ್ನೇ ಸಿಗುತ್ತಿಲ್ಲ.

ಮೆಷಿನ್ ಗಾಜಿನ ಆಚೆ, ನನ್ನ ಕಣ್ಣೆದುರಿಗೇ ಇತ್ತು. ಅದರ ಮೇಲೆ ಆಂಟಿ ಮಲಗಿದ್ದರು. ನನ್ನ ಕಂಪ್ಯೂಟರ್ ಅದನ್ನು ಕಾಣೆ ಎನ್ನುತ್ತಿತ್ತು. ಸ್ವಲ್ಪ ಮುಂಚೆ ಮೆಷಿನ್ ಸಿಗುತ್ತಿತ್ತು, ನೆಟ್ ಇರಲಿಲ್ಲ. ಈಗ ನೆಟ್ ಇದೆ, ಮೆಷಿನ್ ಇಲ್ಲ.

"ಏನಮ್ಮ, ಬಂತಾ?" ಎಂದರು ಡಾಕ್ಟರು.

"ಇಲ್ಲ ಸಾರ್. ಒಂದು ಬಂದ್ರೆ ಇನ್ನೊಂದು ಹೋಗ್ತಿದೆ."

"ಅಂದ್ರೆ?"

ಅಂದರೇನೆಂದು ನನಗೂ ಗೊತ್ತಿರಲಿಲ್ಲ. ಕೋಣೆಯೊಳಗೆ ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಸಿಸ್ಟರ್ ನನ್ನ ಫೋನಿನಿಂದ ಮತ್ತೆ ಇಂಜಿನಿಯರಿಗೆ ಕರೆ ಮಾಡಿ ಬಾಗಿಲ ಹೊರಗೆ ನಿಂತರು. ಇಂಜಿನಿಯರ್ ಹೇಳಿದ್ದನ್ನು ಅವರು ಒಳಗೆ ಕೂಗಬೇಕು, ನಾನು ಮಾಡಿ ಉತ್ತರ ಕೂಗಬೇಕು. ನಾನು 'ಒಂದು ಬಂದ್ರೆ ಇನ್ನೊಂದು ಹೋಗುತ್ತೆ' ಅಂದ ಮಾತನ್ನು ಅವರು ದಾಟಿಸಿದಾಗ ಆ ಕಡೆಯಿಂದ ಒಂದು ಪ್ರಶ್ನೆ ಬಂತು.

"ಬೆಳಿಗ್ಗೆಯಿಂದ ಏನಾದ್ರೂ ಬದಲಾಯಿಸಿದ್ರಾ ಅಂತ ಕೇಳ್ತಾವ್ರೆ!" ಎಂದು ಸಿಸ್ಟರ್ ಕೂಗಿದರು.

"ನೆಟ್ ಬಾಕ್ಸ್ ಹೊಸದು!"

"ಕಂಪ್ಯೂಟರಲ್ಲಿ ಕಪ್ಪು ಕಿಟಕಿ ತೆಗೀಬೇಕಂತೆ. ಅದ್ರಲ್ಲಿ ಗೇಟ್‌ವೇ ಅಂತ ಇರೋದ್ರ ಮುಂದಿನ ನಂಬರ್ ಓದ್ಬೇಕಂತೆ, ಅದೇ ನೆಟ್ ಬಾಕ್ಸ್ ನಂಬರಂತೆ!"

ಅವರು ಹೇಳಿಕೊಟ್ಟ ಅಕ್ಷರಗಳನ್ನು ಟೈಪು ಮಾಡಿದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಸಾಲುಸಾಲಾಗಿ ಬಿಳಿ ಅಕ್ಷರ ಬಂದವು. ಹುಡುಕಿ ಓದಿದೆ. "ಒನ್ ನೈನ್‌ಟಿ ಟು, ಒನ್ ಸಿಕ್ಸ್‌ಟಿ ಎಯ್ಟ್, ಒನ್, ಒನ್!"

"ಈಗ ಸ್ಕ್ಯಾನ್ ಮೆಷಿನ್ ನಂಬರ್ ಎಷ್ಟು ಅಂತೆ!"

ಅದು ಮೆಷಿನ್ನಿನ ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ ಇದೆಯೆಂದು ಗೊತ್ತಿತ್ತು, ಓದಿದವಳಲ್ಲ. ಎದ್ದು ಒಳಗೆ ಹೋಗಿ ಬಗ್ಗಿ ನೋಡಿದೆ. ಆಂಟಿಯ ಎಡಗೈ ನನ್ನ ಕೋಟಿನ ತುದಿ ಹಿಡಿಯಿತು. ಚೀಟಿಯಲ್ಲಿದ್ದದ್ದೂ ಅದೇ ಅಂಕಿ. ಕೊನೆಯ ಎರಡು ಒಂದುಗಳವರೆಗೂ ಅದೇ.

ಅದೇ ಎಂದು ಕೂಗಿದಾಗ ಸಿಸ್ಟರ್ ಫೋನಿನ ಸ್ಪೀಕರ್ ಹಾಕಿ ಬಾಗಿಲಿಗೆ ಒರಗಿಸಿ ಹಿಡಿದರು. ಇಂಜಿನಿಯರ್ ಮಾತು ಕಡಿದು ಕಡಿದು ಕೇಳಿಸಿತು. "ಅದೇ ಮೇಡಂ ಆಗಿರೋದು. ಹಳೇ ಬಾಕ್ಸ್ ನಂಬರ್ ಬೇರೆ ಇತ್ತು. ಹೊಸದು ಬಂದು ಮೆಷಿನ್ ನಂಬರನ್ನೇ ಇಟ್ಕೊಂಡು ಕೂತದೆ. ಬಡಾವಣೆ ಫಸ್ಟ್ ಸ್ಟೇಜಲ್ಲೂ ಸೆಕೆಂಡ್ ಸ್ಟೇಜಲ್ಲೂ ಒಂದೇ ಡೋರ್ ನಂಬರ್ ಇದ್ರೆ ಕೊರಿಯರ್‌ನೋನು ಎಲ್ಲಿಗೋಗ್ತಾನೆ? ನಿಮ್ ಕಂಪ್ಯೂಟರ್ ಒಂದ್ಸಲ ಅಲ್ಲಿಗೋಗ್ತದೆ, ಒಂದ್ಸಲ ಇಲ್ಲಿಗೋಗ್ತದೆ."

"ಈಗ ಏನ್ ಮಾಡ್ಲಿ ಅದನ್ನ ಹೇಳಿ!"

"ಬಾಕ್ಸ್ ನಂಬರ್ ಬದಲಾಯ್ಸೋಕೆ ಪಾಸ್‌ವರ್ಡ್ ಬೇಕು, ಈಗ ಟೈಮಿಲ್ಲ. ಎರಡೂ ಕೇಬಲ್ ಒಟ್ಟಿಗೆ ಇರಬಾರದು ಅಷ್ಟೆ. ನೆಟ್ ಕೇಬಲ್ ಕಿತ್ತಾಕಿ. ಮೆಷಿನ್‌ನಿಂದ ಎಲ್ಲಾ ಎಳ್ಕೊಳ್ಳಿ. ಪೂರ್ತಿ ಬಂದ್ಮೇಲೆ ಮೆಷಿನ್ ಕೇಬಲ್ ಕಿತ್ತು ನೆಟ್ ಕೇಬಲ್ ಹಾಕಿ ಕಳ್ಸಿ."

ಆಗಲೇ ಆಂಬ್ಯುಲೆನ್ಸಿನ ಸದ್ದು ರಿಂಗ್ ರೋಡಿನ ಕಡೆಯಿಂದ ಕೇಳಿಸತೊಡಗಿತು.

ನಾನು ಮೇಜಿನ ಕೆಳಗೆ ನುಗ್ಗಿದೆ. ಎರಡೂ ಕೇಬಲ್ ಒಂದೇ ನೀಲಿ, ಒಂದೇ ದಪ್ಪ. ಎರಡೂ ಧೂಳಿನಲ್ಲಿ ಒಂದಕ್ಕೊಂದು ಸುತ್ತಿಕೊಂಡು ಗೋಡೆಯ ತೂತಿನೊಳಗೆ ಮಾಯವಾಗಿದ್ದವು. ಯಾವುದು ಯಾವುದು? ಫೋನ್ ಸಿಸ್ಟರ್ ಕೈಯಲ್ಲಿತ್ತು, ಟಾರ್ಚ್ ಇರಲಿಲ್ಲ. ಎರಡರ ಬುಡದಲ್ಲೂ ಪುಟ್ಟ ದೀಪ ಮಿಣುಕುತ್ತಿತ್ತು. ತಲೆ ಎತ್ತಲು ಹೋಗಿ ಮೇಜಿಗೆ ಬಡಿದುಕೊಂಡೆ. ಆಗ ತೋಚಿತು. "ಸಾರ್, ರಿಸೆಪ್ಷನ್‌ನಲ್ಲಿ ನೆಟ್ ಬಾಕ್ಸ್ ಸ್ವಿಚ್ ಆಫ್ ಮಾಡಿ!" ಎಂದು ಮೇಜಿನ ಕೆಳಗಿಂದಲೇ ಕೂಗಿದೆ. ಡಾಕ್ಟರು ತಾವೇ ಓಡಿದರು. ಎಡಗಡೆಯ ದೀಪ ಆರಿತು. ಆ ಕೇಬಲ್ಲನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡೆ, ಮತ್ತೆ ಹುಡುಕುವಂತಾಗಬಾರದೆಂದು. "ಈಗ ಆನ್ ಮಾಡಿ!" ಎಂದದ್ದು ಯಾರಿಗೂ ಅರ್ಥವಾಗದೆ ಮತ್ತೆ ಬಾಯಿಂದ ತೆಗೆದು ಹೇಳಬೇಕಾಯಿತು.

ಎದ್ದು ಬಂದು ಎಳೆಯುವ ಗುಂಡಿ ಒತ್ತಿದೆ. ತೆಳು ಚಿತ್ರಗಳು ಒಂದರ ಹಿಂದೆ ಒಂದು ಇಳಿಯತೊಡಗಿದವು. ನೂರಾರು ಇದ್ದವು. ಅಷ್ಟರಲ್ಲಿ ಆಂಟಿಯ ಗಂಡ, ನಾನು ಅಂಕಲ್ ಎನ್ನುವವರು, ಸುದ್ದಿ ತಿಳಿದು ಬಂದರು. ಮೇಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಸ್ಕೂಟರಿನಲ್ಲಿ ಬಂದವರು ಹೆಲ್ಮೆಟ್ ತೆಗೆಯುವುದನ್ನೂ ಮರೆತು ಗಾಜಿನ ಮುಂದೆ ನಿಂತರು. ಅವರ ಹಿಂದೆಯೇ ಸ್ಟ್ರೆಚರ್ ಹಿಡಿದು ಆಂಬ್ಯುಲೆನ್ಸಿನವರು ಬಂದರು.

"ಪೇಷಂಟ್ ಎತ್ಕೊಳ್ಳೋಣ್ವಾ ಸಾರ್?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದಿತ್ತು. ಇದಾದ ಮೇಲೆ ಕಳಿಸುವುದು ಬೇರೆ ಇದೆ. ಹೂಂ ಅಂದು ಆಮೇಲೆ ಅದು ಕೈಕೊಟ್ಟರೆ? ಊಹೂಂ ಅಂದು ಹೊತ್ತು ಹಾಳಾದರೆ? ಆ ಮಾತು ಹೇಳಬೇಕಾದವಳು ನಾನೊಬ್ಬಳೇ ಆಗಿದ್ದೆ.

"ಹೋಗುತ್ತೆ ಸಾರ್. ಸ್ವಲ್ಪ ನಿಲ್ಲಿ" ಎಂದೆ.

ಡಾಕ್ಟರು ಆಂಬ್ಯುಲೆನ್ಸಿನವರಿಗೆ ಕೈ ಅಡ್ಡ ಹಿಡಿದರು. ಅಂಕಲ್ಲನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಇಂಜೆಕ್ಷನ್ ವಿಷಯ ಹೇಳತೊಡಗಿದರು. ಇದರಿಂದ ರಕ್ತಸ್ರಾವ ಆಗುವ ಅಪಾಯವೂ ಇದೆ, ಒಪ್ಪಿಗೆ ಬೇಕು ಎಂದರು. ಅಂಕಲ್ ಹೆಲ್ಮೆಟ್ಟಿನೊಳಗಿಂದಲೇ, "ನಿಮ್ ಮನೆಯವರಾಗಿದ್ರೆ ಏನ್ ಮಾಡ್ತಿದ್ರೋ ಅದನ್ನೇ ಮಾಡಿ ಡಾಕ್ಟ್ರೇ" ಎಂದದ್ದು ನನಗೆ ಕೇಳಿಸಿತು.

ಕೊನೆಯ ಚಿತ್ರ ಇಳಿಯಿತು. ಮತ್ತೆ ಮೇಜಿನ ಕೆಳಗೆ. ಮೆಷಿನ್ ಕೇಬಲ್ ಕಿತ್ತೆ, ನೆಟ್ ಕೇಬಲ್ ಸಿಕ್ಕಿಸಿದೆ. ಟಕ್ ಎಂದು ಕೂರುವವರೆಗೆ ಒತ್ತಿ ಹಿಡಿದೆ. ಕಳಿಸುವ ಗುಂಡಿ ಒತ್ತಿ ನಿಂತೆ, ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹಸಿರು ಗೆರೆ ಕಾಣಿಸಿಕೊಂಡಿತು. ತಡೆಯಿತು. ಮತ್ತೆ ನಡೆಯಿತು. ಸಿಸ್ಟರ್ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ಗೆರೆ ತುದಿ ಮುಟ್ಟಿತು.

ಡಾಕ್ಟರಮ್ಮನ ಫೋನ್ ಬಂದಾಗ ನಮ್ಮ ಡಾಕ್ಟರು ಸ್ಪೀಕರ್ ಹಾಕಲಿಲ್ಲ. ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ನಿಂತರು. "ಹೂಂ... ಹೂಂ... ಎರಡೂ ಕಡೆ ಇದೆಯಾ? ಬಲಗಡೆಯದ್ದು ಚಿಕ್ಕದಾ? ಸರಿ ಮೇಡಂ. ಸರಿ." ತಿರುಗಿದವರು ನೇರ ಸಿಸ್ಟರಿಗೆ ಹೇಳಿದರು, "ಎರಡೂ ಕಡೆ ಇರೋದ್ರಿಂದ ಸುಣ್ಣ ಕಟ್ಟಿರೋದೇ, ಹಳೇದು. ರಕ್ತ ಇಲ್ಲ. ಮೇಲೆ ತಗೊಳ್ಳಿ, ಇಂಜೆಕ್ಷನ್ ರೆಡಿ ಮಾಡಿ."

ಸ್ಟ್ರೆಚರ್ ಲಿಫ್ಟಿನೊಳಗೆ ಹೋಯಿತು. ಅಂಕಲ್ ಮೆಟ್ಟಿಲು ಹತ್ತಿ ಓಡಿದರು. ಸ್ಕ್ಯಾನ್ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಮೇಜಿನ ಕೆಳಗೆ ಒಂದು ಕೇಬಲ್ ನೆಲದ ಮೇಲೆ ಬಿದ್ದಿತ್ತು. ಅದನ್ನು ನೋಡುತ್ತ ನೆಲದ ಮೇಲೆಯೇ ಕೂತುಬಿಟ್ಟೆ. ಹೊರಗೆ ಆ ಮೊದಲನೆಯ ಹೆಂಗಸು, ಓಲೆ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡು, ತನ್ನ ಸ್ಕ್ಯಾನಿಗೆ ಇನ್ನೂ ಕಾಯುತ್ತ ಕೂತಿದ್ದಳು. ಬೇರೆ ಕಡೆ ಹೋಗಿ ಎಂದು ಹೇಳಲು ಹೋದರೆ, "ನಂದೇನ್ ಅರ್ಜೆಂಟಿಲ್ಲ ಕಣವ್ವ. ಆ ಯಮ್ಮ ಎಂಗವ್ರೆ ಅಂತ ತಿಳ್ಕೊಂಡೋಯ್ತೀನಿ" ಎಂದಳು.

ಸಂಜೆ ಇಂಜಿನಿಯರ್ ಬಂದರು. ಕಂಪನಿಯವನಿಗೆ ಫೋನ್ ಮಾಡಿ ಪಾಸ್‌ವರ್ಡ್ ತರಿಸಿಕೊಂಡು ನೆಟ್ ಪೆಟ್ಟಿಗೆಯ ನಂಬರನ್ನು ಬದಲಾಯಿಸಿದರು. ಎರಡೂ ಕೇಬಲ್ ಒಟ್ಟಿಗೆ ಹಾಕಿ, ಹತ್ತು ಸಲ ಚಿತ್ರ ಎಳೆಸಿ, ಹತ್ತು ಸಲ ಕಳಿಸಿ ನೋಡಿದರು. ಒಂದು ಕೇಬಲ್ಲಿಗೆ ನಾನು ಕೆಂಪು ಟೇಪು ಸುತ್ತಿದೆ. ಈಗ ಯಾರೇ ಬಂದು ಏನೇ ಬದಲಾಯಿಸಿದರೂ ನನ್ನ ಕೋಣೆಯಿಂದ ಒಂದು ಚಿತ್ರ ಬಂದು ಒಂದು ಚಿತ್ರ ಹೋಗುವವರೆಗೆ ನಾನು ಅವರನ್ನು ಬಿಡುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ.

ಆಂಟಿ ಉಳಿದರು. ಕಾಲಿಗೆ ಬಲ ಬೇಗ ಬಂತು, ಕೈಗೆ ನಿಧಾನವಾಗಿ. ಮಾತು ಎಲ್ಲಕ್ಕಿಂತ ನಿಧಾನ. ಮೊದಲ ವಾರಗಳಲ್ಲಿ ನೀರಿಗೂ ದಿಂಬಿಗೂ ಗಂಡನಿಗೂ ಒಂದೇ ಪದ ಬಳಸುತ್ತಿದ್ದರು. ತಪ್ಪಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು, ಅದೇ ಸಂಕಟ. ಕೆಲಸಕ್ಕೆ ಅವರು ಮರಳಲಿಲ್ಲ. ನಾನು ಭಾನುವಾರ ಅವರ ಮನೆಗೆ ಹೋಗುತ್ತೇನೆ, ಅವರು ಚರ್ಚಿನಿಂದ ಬಂದ ಮೇಲೆ. ಮಾತುಗಳು ಈಗ ಬಹುಮಟ್ಟಿಗೆ ಬಂದಿವೆ, ತಡವರಿಸಿಕೊಂಡು.

ಮೊನ್ನೆ ಒಂದು ಭಾನುವಾರ ಆ ದಿನ ಏನೇನಾಯಿತು ಎಂದು ನನ್ನನ್ನೇ ಕೇಳಿದರು. ಅಂಕಲ್ ಅದುವರೆಗೆ ಪೂರ್ತಿ ಹೇಳಿರಲಿಲ್ಲವಂತೆ. ನಾನು ಎಲ್ಲ ಹೇಳಿದೆ, ಕೇಬಲ್ ಬಾಯಲ್ಲಿ ಕಚ್ಚಿಕೊಂಡಿದ್ದನ್ನೂ. ಅವರು ನಕ್ಕರು. ಆಮೇಲೆ ಒಂದಷ್ಟು ಹೊತ್ತು ಪದ ಹುಡುಕಿದರು.

"ನಂಗೆ... ಎಲ್ಲಾ ಕೇಳಿಸ್ತಿತ್ತು. ನೀನು ಅಳ್ತಿದ್ದೆ."

"ಇಲ್ಲ ಆಂಟಿ, ಅಳೋಕೆಲ್ಲಿ ಪುರುಸೊತ್ತಿತ್ತು?"

"ಅಳ್ತಿದ್ದೆ" ಎಂದರು ಖಚಿತವಾಗಿ. "ಗಾಜಲ್ಲಿ ಕಾಣ್ತಿತ್ತು. ನಾನು ಸಾಯಲ್ಲ ಕಣೇ ಅಂತ ಹೇಳ್ಬೇಕು ಅನ್ಸ್ತು. ಬಾಯಿ... ಬರ್ಲಿಲ್ಲ."

ನಾನು ಅತ್ತ ನೆನಪು ನನಗಿಲ್ಲ. ಆದರೆ ನೋಡುತ್ತ ಮಲಗಿದ್ದವರು ಅವರು. ಮತ್ತೆ ವಾದಿಸಲಿಲ್ಲ.